ರೋಗಿಗಳು ಬರೆದಿಟ್ಟ ಲೆಕ್ಕ

 

ಈಗಿನ ಕಾಲದಲ್ಲಿ ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ, ವೈದ್ಯನನ್ನು ಕಾಣುವುದಕ್ಕೆ ಮೊದಲೇ ಮೊಬೈಲಿನಲ್ಲಿ ಹತ್ತು ಮದ್ದುಗಳು ಬಂದು ನಿಲ್ಲುವುವು. ಇಂಥ ಕಷಾಯದಿಂದ ಇಂಥವರಿಗೆ ಗುಣವಾಯಿತೆಂಬ ವಾಟ್ಸಾಪ್ ಸಂದೇಶವನ್ನು ಓದಿದವರು ಮತ್ತೆ ಹತ್ತು ಮಂದಿಗೆ ಕಳುಹುವರು. ಕಳುಹುವವರಲ್ಲಿ ಕಪಟವಿಲ್ಲ, ಪರರ ನೋವಿಗೆ ಮರುಗುವ ಮನಸ್ಸೇ ಬಹುಮಟ್ಟಿಗೆ ಇರುವುದು. ಆದರೆ ಅದನ್ನು ಕುಡಿದೂ ಗುಣ ಹೊಂದದವರೆಷ್ಟು ಜನವೆಂಬ ಮಾತು ಅಲ್ಲಿ ಕಾಣದು. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಖಾತೆಯನ್ನು ಯಾವ ವ್ಯಾಪಾರಿಯು ನಂಬುವನು?

ಖರ್ಚನ್ನೂ ಬರೆದವರ ವೃತ್ತಾಂತವೊಂದುಂಟು. ಅಮೆರಿಕೆಯ ಸ್ಟೀಫನ್ ಹೇವುಡ್ ಎಂಬ ತರುಣನಿಗೆ 1998ರಲ್ಲಿ, 29ನೆಯ ವಯಸ್ಸಿನಲ್ಲಿ, ಎ.ಎಲ್.ಎಸ್. ಎಂಬ ನರರೋಗವಿರುವುದು ತಿಳಿಯಿತು. ಇದರಲ್ಲಿ ಕೈಕಾಲು, ನಾಲಗೆ, ಕಡೆಗೆ ಉಸಿರಾಟದ ಸ್ನಾಯುಗಳೂ ಬಲಗುಂದುವುವು. ಬಹುಮಂದಿಯಲ್ಲಿ ಬುದ್ಧಿಯು ಮಾತ್ರ ತಿಳಿಯಾಗಿದ್ದು ಎಲ್ಲವನ್ನೂ ನೋಡುತ್ತಿರುವುದು. ಪೂರ್ಣವಾಗಿ ಗುಣಪಡಿಸುವ ಔಷಧವು ಇಂದಿಗೂ ಇಲ್ಲ. ಆತನ ಸಹೋದರರು ಮಿತ್ರನೊಬ್ಬನೊಡಗೂಡಿ 2004ರಲ್ಲಿ 'ಪೇಶಂಟ್ಸ್ ಲೈಕ್ ಮಿ' ಎಂಬ ಅಂತರ್ಜಾಲ ತಾಣವನ್ನು ಸ್ಥಾಪಿಸಿದರು. ಮಾತು, ನುಂಗುವಿಕೆ, ಬರವಣಿಗೆ, ಮೆಟ್ಟಿಲೇರುವಿಕೆ ಮೊದಲಾದ 12 ವಿಷಯಗಳಲ್ಲಿ ತಮ್ಮ ಶಕ್ತಿಯು ಎಷ್ಟು ಉಳಿದಿದೆಯೆಂಬುದನ್ನು ರೋಗಿಗಳು ತಾವೇ ಅಂಕಗಳಿಂದ ಅಲ್ಲಿ ನಮೂದಿಸುತ್ತ ಬಂದರು. ಸ್ಟೀಫನ್ 2006ರಲ್ಲಿ ತೀರಿಕೊಂಡನು, ಲೆಕ್ಕವು ನಿಲ್ಲಲಿಲ್ಲ.

2008ರಲ್ಲಿ ಇಟಲಿಯ ವೈದ್ಯರು, ಲಿಥಿಯಂ ಸೇವಿಸಿದ 16 ಮಂದಿ ರೋಗಿಗಳಲ್ಲಿ 15 ತಿಂಗಳವರೆಗೆ ಒಬ್ಬರೂ ಸಾಯಲಿಲ್ಲವೆಂದು ಪ್ರಕಟಿಸಿದರು. ಮೃತ್ಯುವನ್ನು ಎದುರಿಗಿಟ್ಟುಕೊಂಡವರಿಗೆ ಅದೆಂತಹ ವಾರ್ತೆ! ಅನೇಕರು ತಮ್ಮ ವೈದ್ಯರಿಂದ ಬರೆಸಿಕೊಂಡು ಅದನ್ನು ಸೇವಿಸತೊಡಗಿದರು. ಲಿಥಿಯಂ ಸಾಧಾರಣ ವಸ್ತುವಲ್ಲ. ಪ್ರಮಾಣವು ತುಸು ಮೀರಿದರೂ ವಿಷವಾಗುವುದು, ರಕ್ತವನ್ನು ಆಗಾಗ್ಗೆ ಪರೀಕ್ಷಿಸಲೇಬೇಕು. ಆದರೂ ಆ ಜನರು ಸುದ್ದಿಯನ್ನು ಹಂಚುವುದರಲ್ಲಿಯೇ ತೃಪ್ತರಾಗದೆ, ಸೇವಿಸಿದ ಪ್ರಮಾಣವನ್ನೂ ದೇಹಸ್ಥಿತಿಯನ್ನೂ ಬರೆದಿಟ್ಟರು. ಆರಂಭದ ಉತ್ಸಾಹವಡಗಿ ಕೈಗಳು ಇನ್ನೂ ಸೋಲುತ್ತಿದ್ದಾಗಲೂ ಬರೆದರು. ಇದೇ ಇಲ್ಲಿಯ ದೊಡ್ಡ ಸಂಗತಿ.

ತಾವು ಔಷಧ ಸೇವಿಸುತ್ತಿರುವೆವೆಂದು ಬಲ್ಲವರ ಅಂಕಗಳಲ್ಲಿ ಆಸೆಯು ಬೆರೆಯಬಹುದೆಂಬ ಆಕ್ಷೇಪಣೆಯು ನ್ಯಾಯವಾದದ್ದೇ. ಅದಕ್ಕಾಗಿ ತಾಣದ ಸಂಶೋಧಕರು ಲಿಥಿಯಂ ಸೇವಿಸಿದ 149 ಮಂದಿಯನ್ನು ತೆಗೆದುಕೊಂಡು, ಹಿಂದಿನಿಂದಲೂ ರೋಗವು ಅದೇ ವೇಗದಲ್ಲಿ ಮುಂದುವರಿದಿದ್ದ, ಆದರೆ ಲಿಥಿಯಂ ಸೇವಿಸದ ರೋಗಿಗಳೊಡನೆ ಹೋಲಿಸಿದರು. 12 ತಿಂಗಳಾದರೂ ರೋಗದ ಗತಿಯಲ್ಲಿ ಭೇದವೇನೂ ಕಾಣಲಿಲ್ಲ. 2011ರಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ, ಯಾರಿಗೆ ಲಿಥಿಯಂ, ಯಾರಿಗೆ ಬರಿಯ ಸಪ್ಪೆ ಮಾತ್ರೆ ಎಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ 214 ಮಂದಿಗೆ ಕೊಟ್ಟು ನೋಡಿದಾಗಲೂ ಬಂದ ಉತ್ತರವು ಅದೇ ಆಗಿತ್ತು.