ಕವಿಯೂ ಕೇಳುಗನೂ
(ಸಾಹಿತ್ಯ ಸಂಘದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಮ್ಮ ಕವಿತೆಗೆ ಕೇಳುಗರನ್ನು ದೊರಕಿಸಿಕೊಳ್ಳುವ ಬಗೆ ಯಾವುದು, ಎಂಬ ಪ್ರಶ್ನೆಯನ್ನು ಈ ಸಂಘದ ತರುಣರು ನನ್ನ ಮುಂದಿಟ್ಟಿರುವರು. ನಾನು ಕವಿಯಲ್ಲ, ವಕೀಲನು. ಆದರೆ ಕವಿಗಳ ದೂರನ್ನು ಬಹುದಿನಗಳಿಂದ ಕೇಳುತ್ತ ಬಂದವನು. ಕನ್ನಡಿಗರು ಅರಸಿಕರು, ಪದ್ಯವೆಂದರೆ ಮುಖ ತಿರುವುವರು, ಎಂಬುದೇ ಆ ದೂರು. ಈ ಮೊಕದ್ದಮೆಯಲ್ಲಿ ಫಿರ್ಯಾದಿಯ ಮಾತು ಮಾತ್ರ ಸಭೆಯ ಕಿವಿಗೆ ಬಿದ್ದಿದೆ. ಪ್ರತಿವಾದಿಯ ಪರವಾಗಿ, ಅಂದರೆ ಕನ್ನಡ ಜನತೆಯ ಪರವಾಗಿ, ನಾನು ನಾಲ್ಕು ಮಾತು ಹೇಳುವದಕ್ಕೆ ಅಪ್ಪಣೆಯಾಗಬೇಕು.

ಮೊದಲನೆಯ ಸಾಕ್ಷಿ ಗದುಗಿನದು. ಕುಮಾರವ್ಯಾಸನ ಭಾರತವು ಅಚ್ಚಿನ ಮನೆಯನ್ನು ಕಾಣುವದಕ್ಕೆ ಮುಂಚೆ ನೂರಾರು ವರ್ಷ ಜನರ ಕಿವಿಯಲ್ಲಿ ಬಾಳಿತು. ಓದಬಲ್ಲವನು ಒಬ್ಬ, ಕೇಳುವವರು ಊರೆಲ್ಲ. ಗುಡಿಯ ಜಗಲಿಯ ಮೇಲೆ ದೀಪ ಹಚ್ಚಿಟ್ಟು ಗಮಕಿಯು ಪದ್ಯವನ್ನು ರಾಗದಲ್ಲಿ ವಾಚಿಸುತ್ತಿದ್ದನು. ಬಳಿಯಲ್ಲಿ ಕುಳಿತ ಇನ್ನೊಬ್ಬನು ಅರ್ಥ ಬಿಡಿಸಿ ಹೇಳುತ್ತಿದ್ದನು. ಹೊಲದಿಂದ ಬಂದ ಒಕ್ಕಲಿಗನೂ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯೂ ಕರ್ಣನ ಅವಸಾನಕ್ಕೆ ಕಣ್ಣೀರಿಡುತ್ತಿದ್ದರು. ಇವರು ಅರಸಿಕರೇ?

ಭಾಮಿನೀ ಷಟ್ಪದಿಯ ಕಟ್ಟನ್ನೇ ನೋಡಿರಿ. 14 ಮಾತ್ರೆಯ ಎರಡು ಸಾಲುಗಳು ನಡೆದ ಮೇಲೆ 23 ಮಾತ್ರೆಯ ಮೂರನೆಯ ಸಾಲು ನೀಳವಾಗಿ ಹರಿದು ನಿಲ್ಲುವದು. ಅಲ್ಲಿ ಗಮಕಿಗೆ ಉಸಿರು ತಿರುಗಿಸಲು ಎಡೆಯುಂಟು. ಕೇಳುವವನಿಗೆ ಅರ್ಥವನ್ನು ಮನಸ್ಸಿಗೆ ಇಳಿಸಿಕೊಳ್ಳಲು ಬಿಡುವುಂಟು. ಆ ಕವಿಯು ಪದ್ಯ ಕಟ್ಟುವಾಗ ಕೇಳುಗನು ಅವನೆದುರಿಗೆ ಕುಳಿತಿದ್ದನೆಂದೇ ನನ್ನ ಭಾವನೆ. ದಾಸರ ಪದಗಳು ತಂಬೂರಿಯ ಸಂಗಡ ಮನೆಯ ಬಾಗಿಲಿಗೆ ಬಂದುವು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚಿಗೆ ತಂದರಷ್ಟೆ. ಅದಕ್ಕೂ ಮೊದಲು ಅವಕ್ಕೆ ಓದುಗನೆಂಬವನೇ ಇರಲಿಲ್ಲ, ಕೇಳುಗರಿಗೆ ಮಾತ್ರ ಕೊರತೆಯಿರಲಿಲ್ಲ.

'ಅದು ಹಳೆಯ ಕಾಲ' ಎನ್ನುವಿರಿ. ಹೊಸ ಕಾಲಕ್ಕೇ ಬರೋಣ. ಬೇಂದ್ರೆಯವರ 'ಗರಿ' ಸಂಕಲನವು ಹೊರಬಿದ್ದದ್ದು 1932ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1929ರ ಬೆಳಗಾವಿಯ ಸಾಹಿತ್ಯ ಸಮ್ಮೇಳನದಲ್ಲಿ, ಕಾಲವನ್ನು ಹಕ್ಕಿಯಾಗಿ ಕಂಡ ಆ ಪದ್ಯವನ್ನು ಅವರು ತಾವೇ ಓದಿ ಸಭೆಯನ್ನು ಗೆದ್ದಿದ್ದರು. ಪುಸ್ತಕವು ಕೇಳುಗರನ್ನು ಹುಡುಕಿಕೊಂಡು ಹೋಗಲಿಲ್ಲ. ಕೇಳುಗರೇ ಪುಸ್ತಕವನ್ನು ಕಾದು ಕುಳಿತರು. (ಅಂದಿನ ಸರಕಾರವೂ ಆ ಪುಸ್ತಕವನ್ನು ಬಹು ಆಸ್ಥೆಯಿಂದ ಓದಿತು. 'ನರಬಲಿ' ಎಂಬ ಪದ್ಯದ ಸಲುವಾಗಿ ಕವಿಗಳನ್ನು ಹಿಂಡಲಗಿಯ ಸೆರೆಮನೆಗೆ ಕಳಿಸಿತು. ಅಂಥ ಓದುಗನು ಯಾವ ಕವಿಗೂ ಬೇಡ!)

ಆ ಸಮ್ಮೇಳನಕ್ಕಿಂತಲೂ ಮೊದಲು ಇನ್ನೊಂದು ಚಿಕ್ಕ ಸಭೆಯಿತ್ತೆಂಬುದನ್ನು ನಮ್ಮ ತರುಣರು ಮರೆಯುವರು. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆ, ಬೆಟಗೇರಿ ಕೃಷ್ಣಶರ್ಮ, ಶಂ. ಬಾ. ಜೋಶಿ, ಗೋಕಾಕ ಮೊದಲಾದವರ 'ಗೆಳೆಯರ ಗುಂಪು' ಕೂಡುತ್ತಿತ್ತು. ತರುಣ ಕವಿಗೆ ಮೊದಲು ಬೇಕಾದದ್ದು ಸಾವಿರ ಜನರಲ್ಲ, ಇಂಥ ಐದಾರು ಜನರು. ಅವರು ಬಂಧುಗಳಾಗಿರಕೂಡದು, ಬಂಧುಗಳು ಹೊಗಳುವರು. ನಿಮ್ಮಿಂದ ಉಪಕಾರ ಬಯಸುವವರೂ ಆಗಕೂಡದು. ಅವರೆದುರಿಗೆ ಪದ್ಯವನ್ನು ಗಟ್ಟಿಯಾಗಿ ಓದಿರಿ. ಅರ್ಥವನ್ನು ಮುಂಚಿತವಾಗಿ ಹೇಳಬೇಡಿರಿ. ಎಲ್ಲಿ ಅವರ ಕಣ್ಣು ಕಿಟಕಿಯ ಕಡೆಗೆ ಹೊರಳುವದೋ ಅಲ್ಲಿ ಗುರುತು ಹಾಕಿಕೊಳ್ಳಿರಿ. ತೂಕಡಿಸುವವನ ತೂಕಡಿಕೆಯೂ ಒಂದು ವಿಮರ್ಶೆಯೇ, ಮತ್ತು ಪತ್ರಿಕೆಗಳಲ್ಲಿ ಬರುವ ಎಷ್ಟೋ ವಿಮರ್ಶೆಗಳಿಗಿಂತ ಪ್ರಾಮಾಣಿಕವಾದದ್ದು.

ಇದನ್ನು ಬಿಟ್ಟು ನಮ್ಮವರು ಮಾಡುವದೇನು? ನೇರವಾಗಿ ಮುದ್ರಣಾಲಯಕ್ಕೆ ಓಡುವರು. ನನ್ನ ಕಚೇರಿಗೆ ಒಬ್ಬ ಶಿಕ್ಷಕರು ಬಂದಿದ್ದರು. ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟು ಸಾವಿರ ಪ್ರತಿ ಅಚ್ಚು ಹಾಕಿಸಿದ್ದರು. ದೊಡ್ಡವರೊಬ್ಬರ ಮುನ್ನುಡಿ, ಹಾರ ತುರಾಯಿಗಳ ಬಿಡುಗಡೆ, ಗೌರವಪ್ರತಿಗಳ ವಿತರಣೆ, ಎಲ್ಲವೂ ಸಾಂಗವಾಗಿ ನಡೆದಿತ್ತು. ಉಳಿದ ಪ್ರತಿಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದುವು. ಒತ್ತೆಯ ಅವಧಿ ಮುಗಿಯುತ್ತ ಬಂದಿತ್ತು. ಬಳೆಗಳನ್ನು ಉಳಿಸಿಕೊಳ್ಳುವ ದಾರಿಯುಂಟೇ ಎಂದು ಕೇಳಲು ಬಂದವರು ಅವರು. ಒತ್ತೆಯ ವಿಷಯಕ್ಕೆ ಕಾಯಿದೆಯಲ್ಲಿದ್ದ ಉತ್ತರವನ್ನು ಕೊಟ್ಟೆನು. ಕವಿತೆಗಳನ್ನೂ ಓದಿದೆನು, ಅವು ಕೆಟ್ಟವಾಗಿರಲಿಲ್ಲ. ಆದರೆ ಅಚ್ಚಾಗುವದಕ್ಕೆ ಮೊದಲು ಅವನ್ನು ಅವರ ಬಾಯಿಂದ ಕೇಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಅಚ್ಚು ಹಾಕಿಸಬಾರದೆಂದು ನಾನು ಹೇಳುತ್ತಿಲ್ಲ. ಮೊದಲು ಚಂದಾದಾರರು, ಆಮೇಲೆ ಮುದ್ರಣ, ಎನ್ನುತ್ತೇನೆ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಓದುಗರನ್ನು ಮೊದಲೇ ಚಂದಾದಾರರನ್ನಾಗಿ ಮಾಡಿಕೊಂಡು ನಡೆಯಿತು. ಗಳಗನಾಥರಂತೂ (ಅವರು ಕಾದಂಬರಿಕಾರರು, ಆದರೂ ಮಾತು ಸಲ್ಲುವದು) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು. ಅವರು ಶಾಲೆಯ ಮಾಸ್ತರರಾಗಿದ್ದವರು. ಗಂಟು ಹೊರುವದರಿಂದ ಅವರ ಮಾನ ಕುಂದಲಿಲ್ಲ.

ಕವಿತೆಯನ್ನು ಹಾಡಿಗೆ ಒಪ್ಪಿಸುವದು ಇನ್ನೊಂದು ದಾರಿ. ಗದುಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರ ನಾಡಗೀತವು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲ್ಪಟ್ಟಿತು. ಆಗ ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. 1956ರ ಏಕೀಕರಣಕ್ಕೆ ಇನ್ನೂ 32 ವರ್ಷಗಳಿದ್ದುವು. ಪ್ರಾಂತಗಳ ಗಡಿಯು ಹಾಡಿಗೆ ಅಡ್ಡಬರಲಿಲ್ಲ. 1942ರ 'ಮೈಸೂರು ಮಲ್ಲಿಗೆ' ಮನೆಮನೆಗೆ ಹೋದದ್ದರಲ್ಲಿ ಕಾಳಿಂಗರಾಯರಂಥ ಗಾಯಕರ ಪಾಲೂ ಇದೆ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿಯು ಅದೇ ಕೆಲಸವನ್ನು ಯಂತ್ರದ ಮೂಲಕ ಮಾಡಿತು.

ಆದರೆ ಇಲ್ಲಿ ಒಂದು ಎಚ್ಚರವಿರಲಿ. ಎಲ್ಲ ಪದ್ಯಗಳೂ ಹಾಡಲಿಕ್ಕೆ ಹುಟ್ಟಿದವಲ್ಲ. ವಿಚಾರದ ಭಾರವನ್ನು ಹೊತ್ತ ಪದ್ಯವನ್ನು ರಾಗಕ್ಕೆ ಎಳೆದರೆ ಶಬ್ದವು ಮುಳುಗಿ ಹೋಗುವದು. ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ 'ಸಾಕ್ಷಿ' ಪತ್ರಿಕೆಯನ್ನು ನಡೆಸಿ ತಮ್ಮ ಬಗೆಯ ಕಾವ್ಯಕ್ಕೆ ತಕ್ಕ ಓದುಗರನ್ನು ಬೆಳೆಸಿದರು. ಅಂಥ ಓದುಗರು ಕೆಲವರೇ ಇರುವರು, ಇರಲಿ. ನಿಮ್ಮ ಪದ್ಯವು ಜಗಲಿಯದೋ, ಹಾಡುಗಾರನದೋ, ಒಂಟಿಯಾಗಿ ಕುಳಿತು ಓದುವವನದೋ ಎಂಬುದನ್ನು ನೀವು ಮೊದಲು ತಿಳಿಯಬೇಕು. ಇದನ್ನು ತಿಳಿಯದೆ ಸಂತೆಯಲ್ಲಿ ಮಂತ್ರ ಹೇಳಿ, ಯಾರೂ ಕೇಳಲಿಲ್ಲವೆಂದು ಅತ್ತರೆ ತಪ್ಪು ಸಂತೆಯದಲ್ಲ.

ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿಯಿದೆ. ವಾರಕ್ಕೊಮ್ಮೆ, ಪಠ್ಯದಲ್ಲಿಲ್ಲದ ಒಂದು ಹೊಸ ಪದ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿರಿ. ಅರ್ಥ ಕೇಳಬೇಡಿರಿ, ಛಂದಸ್ಸು ಕೇಳಬೇಡಿರಿ, ಅಂಕಗಳ ಮಾತೇ ಬೇಡ. ಪದ್ಯವೆಂದರೆ ಪರೀಕ್ಷೆ ಎಂದು ಮಕ್ಕಳಿಗೆ ಕಲಿಸಿದವರು ನಾವೇ. ದೊಡ್ಡವರಾದ ಮೇಲೆ ಅವರು ಪದ್ಯಕ್ಕೆ ಹೆದರಿದರೆ ಆಶ್ಚರ್ಯವೇನು?

ಸಂಘದ ಕಾರ್ಯದರ್ಶಿಗಳೊಡನೆ ಮಾತನಾಡಿದ್ದೇನೆ. ಪ್ರತಿ ತಿಂಗಳ ಮೊದಲನೆಯ ರವಿವಾರ ಸಾಯಂಕಾಲ ಐದು ಗಂಟೆಗೆ ವಾಚನಾಲಯದ ಹಿಂದಿನ ಕೋಣೆಯು ತೆರೆದಿರುವದು. ಒಂದು ಸಲಕ್ಕೆ ಐವರು ಕವಿಗಳು, ಒಬ್ಬೊಬ್ಬರಿಗೆ ಎರಡು ಪದ್ಯ. ಹಾರವಿಲ್ಲ, ಅಧ್ಯಕ್ಷಭಾಷಣವಿಲ್ಲ, ಅಧ್ಯಕ್ಷ ಮಹಾಶಯರು ಕ್ಷಮಿಸಬೇಕು. ಓದುವವರು ತಮ್ಮೊಡನೆ ಕವಿಯಲ್ಲದ ಒಬ್ಬ ಕೇಳುಗನನ್ನು ಕರೆತರತಕ್ಕದ್ದು, ಇದೊಂದೇ ಪ್ರವೇಶಶುಲ್ಕ. ಹೆಸರುಗಳನ್ನು ಈಗಲೇ ಕಾರ್ಯದರ್ಶಿಗಳ ಬಳಿ ಬರೆಯಿಸಬಹುದು.