ಹುಳುಕು ಹಲ್ಲು ಮತ್ತು ಗುರುಗಳ ಒಮ್ಮತ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ರಾಯದುರ್ಗದ ಸೀಮೆ ಬಳ್ಳಾರಿ ಜಿಲ್ಲೆಯಲ್ಲಿದ್ದಾಗಲೂ, 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿದ ಮೇಲೂ ಈ ಶಾಲೆ ಕನ್ನಡದಲ್ಲಿ ಪಾಠ ಹೇಳುವುದನ್ನು ಬಿಡಲಿಲ್ಲ. ಇಂಥ ಶಾಲೆಯ ಹಬ್ಬದಲ್ಲಿ ಹಲ್ಲಿನ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ತಮ್ಮ ತಮ್ಮ ವೃತ್ತಿಯಲ್ಲಿ ಬೋಧನೆಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂದು ಸಂಚಾಲಕರು ನಮಗೆಲ್ಲ ಸೂಚಿಸಿದ್ದಾರೆ. ದಂತವೈದ್ಯಕೀಯ ಕಾಲೇಜಿನಲ್ಲಿ ಕಲಿಸುವ ನನ್ನ ಪ್ರಶ್ನೆ ಇದು: ಒಂದೇ ಹಲ್ಲನ್ನು ನೋಡಿದ ಇಬ್ಬರು ಗುರುಗಳು ಎರಡು ತೀರ್ಪು ಕೊಟ್ಟರೆ ಶಿಷ್ಯನು ಏನನ್ನು ಕಲಿಯುತ್ತಾನೆ? ಆ ಹಲ್ಲಿನ ಒಡೆಯನಿಗೆ ಏನಾಗುತ್ತದೆ?

ಮೊದಲು ಮಾತಿನಿಂದಲೇ ಆರಂಭಿಸೋಣ. ಕನ್ನಡದಲ್ಲಿ ನಾವು 'ಹುಳುಕು ಹಲ್ಲು' ಎನ್ನುತ್ತೇವೆ. ಆ ಮಾತಿನೊಳಗೆ ಒಂದು ಹುಳು ಕುಳಿತಿದೆ. ನೆರೆಯ ತೆಲುಗಿನವರು 'ಪಿಪ್ಪಿ ಪನ್ನು' ಎನ್ನುತ್ತಾರೆ. ಅಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯ ಚಿತ್ರವಿದೆ. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಜಗತ್ತಿನ ಅನೇಕ ನಾಡುಗಳಲ್ಲಿತ್ತು. ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಅಲ್ಲಗಳೆದನು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ ಪಿಷ್ಟಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ವಿವರಿಸಿದನು. ಹುಳುವಿನ ಕಲ್ಪನೆ ಹೋಯಿತು. ಅದರ ನೆರಳು ಮಾತ್ರ ಚಿಕಿತ್ಸೆಯಲ್ಲಿ ಉಳಿಯಿತು. ಒಳಗೆ ಹುಳುವಿದೆ ಎಂದುಕೊಂಡವನು ಅದನ್ನು ಅಗೆದು ತೆಗೆಯಲೇಬೇಕು. ದಂತಕ್ಷಯವನ್ನು ಕಂಡೊಡನೆ ಕೊರೆದು ತುಂಬಬೇಕೆಂಬ ಅವಸರದಲ್ಲಿ ಆ ಹಳೆಯ ನೆರಳನ್ನು ಇಂದಿಗೂ ಕಾಣಬಹುದು.

ಇಂದಿನ ತಿಳಿವಳಿಕೆಯಂತೆ ದಂತಕ್ಷಯವು ಒಂದು ದಿನದಲ್ಲಿ ಬೀಳುವ ತೂತಲ್ಲ. ಕೊಡುಕೊಳ್ಳುವಿಕೆಯ ಲೆಕ್ಕದಂತೆ ದಿನವೂ ನಡೆಯುವ ವ್ಯವಹಾರ. ಸಿಹಿ ತಿಂದಾಗ ಹಲ್ಲಿನ ಮೇಲಿನ ಪಾಚಿಯಲ್ಲಿ ಆಮ್ಲ ಹುಟ್ಟುತ್ತದೆ. ಪಿಎಚ್ ಅಂಕ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಖನಿಜವನ್ನು ಕಳೆದುಕೊಳ್ಳತೊಡಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಜೊಲ್ಲು ಆಮ್ಲವನ್ನು ತಣಿಸಿ ಖನಿಜವನ್ನು ಮರಳಿ ಕೊಡುತ್ತದೆ; ಫ್ಲೋರೈಡ್ ಈ ಮರುಪಾವತಿಗೆ ನೆರವಾಗುತ್ತದೆ. ಪದೇ ಪದೇ ತಿನ್ನುವವನ ಲೆಕ್ಕದಲ್ಲಿ ಸಾಲವೇ ಹೆಚ್ಚುತ್ತದೆ. ಮೊದಲು ಕಾಣುವುದು ಸುಣ್ಣದಂಥ ಬಿಳಿಯ ಕಲೆ. ಆ ಹಂತದಲ್ಲಿ ಮೇಲ್ಮೈ ಇನ್ನೂ ಮುರಿದಿರುವುದಿಲ್ಲ. ಆಹಾರ, ಹಲ್ಲುಜ್ಜುವಿಕೆ, ಫ್ಲೋರೈಡ್ ಇವುಗಳಿಂದ ರೋಗವನ್ನು ಅಲ್ಲಿಯೇ ನಿಲ್ಲಿಸಬಹುದು. ಮೇಲ್ಮೈ ಕುಸಿದು ಗುಳಿಬಿದ್ದು, ಶುಚಿಮಾಡಲು ಸಾಧ್ಯವಾಗದಂತಾದಾಗ ತುಂಬಿಸುವ ಮಾತು ಬರುತ್ತದೆ.

ಇಷ್ಟು ಸ್ಪಷ್ಟವಿರುವಾಗ ಭಿನ್ನಾಭಿಪ್ರಾಯವೆಲ್ಲಿಂದ ಎಂದು ನೀವು ಕೇಳಬಹುದು. ಬ್ರಿಟನ್ನಿನಲ್ಲಿ ಎಲ್ಡರ್ಟನ್ ಮತ್ತು ನಟಾಲ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ವೃತ್ತಿಯಲ್ಲಿ ಪ್ರಸಿದ್ಧವಾಗಿದೆ. ಒಂದೇ ಗುಂಪಿನ ರೋಗಿಗಳನ್ನು ಹದಿನೈದು ದಂತವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿದರು. ತುಂಬಿಸಬೇಕೆಂದು ಒಬ್ಬೊಬ್ಬರು ಬರೆದ ಲೆಕ್ಕಗಳ ನಡುವೆ ಹಲವು ಪಟ್ಟು ಅಂತರವಿತ್ತು. ಬಾಯಿಗಳು ಅವೇ, ಹಲ್ಲುಗಳು ಅವೇ. ನೋಡಿದ ಕಣ್ಣುಗಳು ಮಾತ್ರ ಬೇರೆ.

ಇದು ಸಣ್ಣ ವಿಷಯವಲ್ಲ. ಒಮ್ಮೆ ಕೊರೆದ ಹಲ್ಲು ಮತ್ತೆ ಹಿಂದಿನಂತಾಗುವುದಿಲ್ಲ. ತುಂಬಿಸಿದ್ದು ಕೆಲವು ವರ್ಷಗಳಲ್ಲಿ ಸವೆಯುತ್ತದೆ ಅಥವಾ ಬಿರುಕುಬಿಡುತ್ತದೆ. ಅದನ್ನು ಬದಲಿಸುವಾಗ ಗುಳಿ ಇನ್ನಷ್ಟು ದೊಡ್ಡದಾಗುತ್ತದೆ. ಮುಂದೆ ಬೇರಿನ ಚಿಕಿತ್ಸೆ, ಅದರ ಮುಂದೆ ಟೋಪಿ, ಕೊನೆಗೆ ಕೀಳುವುದು. ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ ಅನಗತ್ಯವಾಗಿ ಕೊರೆದ ಒಂದು ಗುಳಿಯ ಬೆಲೆಯನ್ನು ಆ ಮಗು ಐವತ್ತು ವರ್ಷ ತೆರುತ್ತಲೇ ಹೋಗಬಹುದು. 2002-03ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹನ್ನೆರಡು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ, ಎಂದರೆ ಶೇಕಡಾ 53.8ರಷ್ಟು ಮಂದಿಗೆ, ದಂತಕ್ಷಯವಿತ್ತು. ವೈದ್ಯರ ತೀರ್ಪಿನಲ್ಲಿ ಆಗುವ ಸ್ವಲ್ಪ ವ್ಯತ್ಯಾಸವೂ ಎಷ್ಟು ಮಕ್ಕಳನ್ನು ಮುಟ್ಟುತ್ತದೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇನ್ನು ಗುರುಗಳು ಏಕೆ ಭಿನ್ನರಾಗುತ್ತಾರೆಂಬುದನ್ನು ನೋಡೋಣ. ಅಜ್ಞಾನವೆಂದು ತೀರ್ಮಾನಿಸುವುದು ಅನ್ಯಾಯ. ಅಮೆರಿಕದ ಜಿ. ವಿ. ಬ್ಲ್ಯಾಕ್ 1908ರಲ್ಲಿ ಹೊರತಂದ ಗ್ರಂಥವು ಹಲ್ಲು ತುಂಬಿಸುವ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟಿತು. ಗುಳಿಯನ್ನು ಸುತ್ತಲಿನ ಗಟ್ಟಿಯಾದ ಭಾಗದವರೆಗೂ ವಿಸ್ತರಿಸಿದರೆ ಮುಂದೆ ಅಲ್ಲಿ ರೋಗ ಮರುಕಳಿಸದೆಂದು ಆತ ಬೋಧಿಸಿದನು. ಫ್ಲೋರೈಡ್ ಪೇಸ್ಟ್ ಇಲ್ಲದ, ಹಲ್ಲಿಗೆ ಅಂಟುವ ತುಂಬುವಸ್ತುಗಳಿಲ್ಲದ ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ನಮ್ಮ ಹಿರಿಯ ಅಧ್ಯಾಪಕರು ಆ ಪರಂಪರೆಯಲ್ಲಿ ನಿಷ್ಠೆಯಿಂದ ಕಲಿತವರು. ಆಮೇಲೆ ಆಧಾರಗಳು ಬದಲಾದವು. ಗುಳಿಯ ರೋಗಭಾಗವನ್ನು ತೆಗೆಯದೆ ಮೇಲೆ ಗಾಳಿಯಾಡದಂತೆ ಮುಚ್ಚಿದ ಹಲ್ಲುಗಳಲ್ಲಿ ರೋಗ ಮುಂದುವರಿಯದೆ ನಿಂತದ್ದನ್ನು ಮರ್ಟ್ಸ್-ಫೇರ್‌ಹರ್ಸ್ಟ್ ಮತ್ತು ಸಂಗಡಿಗರು ಹತ್ತು ವರ್ಷ ಗಮನಿಸಿ 1998ರಲ್ಲಿ ವರದಿಮಾಡಿದರು. 2015ರಲ್ಲಿ ಬೆಲ್ಜಿಯಮ್ಮಿನ ಲೂವೆನ್ ನಗರದಲ್ಲಿ ಸೇರಿದ ತಜ್ಞರು ಆಳವಾದ ಗುಳಿಗಳ ವಿಷಯದಲ್ಲಿ ಒಮ್ಮತಕ್ಕೆ ಬಂದರು: ಜೀವಂತವಾಗಿರುವ ಹಲ್ಲಿನ ಅಂಚುಗಳನ್ನು ಗಟ್ಟಿ ಭಾಗದವರೆಗೆ ಶುಚಿಮಾಡಿರಿ, ತಳದಲ್ಲಿ, ದಂತಮಜ್ಜೆಯ ಸಮೀಪದಲ್ಲಿ, ಮೆತ್ತನೆಯ ಭಾಗವನ್ನು ಬಿಟ್ಟು ಭದ್ರವಾಗಿ ಮುಚ್ಚಿರಿ. ಕೊನೆಯ ಕಣದವರೆಗೆ ಕೆರೆದರೆ ಮಜ್ಜೆ ತೆರೆದುಕೊಂಡು ಹಲ್ಲು ಸಾಯುವ ಅಪಾಯ ಹೆಚ್ಚು.

ಈಗ ಒಬ್ಬ ಗುರುವು "ಗಟ್ಟಿಯಾಗುವವರೆಗೂ ತೆಗೆ" ಎನ್ನುತ್ತಾರೆ; ಮತ್ತೊಬ್ಬರು "ತಳವನ್ನು ಮುಟ್ಟಬೇಡ" ಎನ್ನುತ್ತಾರೆ. ಶಿಷ್ಯನು ಕಲಿಯುವುದು ದಂತವಿಜ್ಞಾನವನ್ನಲ್ಲ. ಯಾವ ಗುರುವಿನ ಮುಂದೆ ಯಾವ ಉತ್ತರ ಹೇಳಬೇಕೆಂಬ ಚಾಕಚಕ್ಯತೆಯನ್ನು. ಪರೀಕ್ಷೆ ಮುಗಿದ ಮೇಲೆ ಅವನಿಗೆ ಉಳಿಯುವುದು ಕೈಗೆ ಅಭ್ಯಾಸವಾದದ್ದು ಮಾತ್ರ.

ನಮ್ಮ ಪಠ್ಯಕ್ರಮದ ವಿನ್ಯಾಸವೂ ಈ ತೊಡಕನ್ನು ಹೆಚ್ಚಿಸುತ್ತದೆ. ದಂತಕ್ಷಯದ ಕಾರಣವನ್ನು ಒಂದು ವಿಭಾಗ ಕಲಿಸುತ್ತದೆ, ತುಂಬಿಸುವುದನ್ನು ಇನ್ನೊಂದು, ಮಕ್ಕಳ ಹಲ್ಲನ್ನು ಮತ್ತೊಂದು, ತಡೆಗಟ್ಟುವಿಕೆಯನ್ನು ಮಗದೊಂದು. ವಿದ್ಯಾರ್ಥಿಯು ರೋಗಿಯನ್ನು ಕಾಣುವ ಮೊದಲೇ ಪ್ರಯೋಗಶಾಲೆಯಲ್ಲಿ ಮಾದರಿ ಹಲ್ಲುಗಳ ಮೇಲೆ ಗುಳಿ ಕೊರೆಯುವುದನ್ನು ಸಾಧಿಸುತ್ತಾನೆ. ಹೀಗೆ ಕಣ್ಣಿಗಿಂತ ಮುಂಚೆ ಕೈ ಕಲಿಯುತ್ತದೆ. ಮೇಲಾಗಿ ಇಂತಿಷ್ಟು ಹಲ್ಲು ತುಂಬಿಸಿರಬೇಕೆಂಬ ಲೆಕ್ಕದ ಪುಸ್ತಕವಿರುತ್ತದೆ. ಲೆಕ್ಕ ತುಂಬಬೇಕಾದ ವಿದ್ಯಾರ್ಥಿಗೆ ಪ್ರತಿಯೊಂದು ಕಪ್ಪು ಗೆರೆಯೂ ಗುಳಿಯಾಗಿಯೇ ಕಾಣುತ್ತದೆ. ಕೊರೆಯದೆ ಉಳಿಸಿದ ಹಲ್ಲಿಗೆ ಅಂಕವಿಲ್ಲದಿದ್ದರೆ ಅದನ್ನು ಉಳಿಸುವವರಾರು?

ಹಾಗಾದರೆ ಅಧ್ಯಾಪಕರಿಗೆ ನೆರವಾಗುವ ಬಗೆ ಯಾವುದು? ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಸಮಾನ ಭಾಷೆ. 'ಸ್ವಲ್ಪ ಹುಳುಕು', 'ಆರಂಭದ ಹುಳುಕು' ಎಂಬ ಮಾತುಗಳಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಇದಕ್ಕಾಗಿ 'ಐಸಿಡಿಎಎಸ್' ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಅದರಲ್ಲಿ 0 ಎಂದರೆ ಆರೋಗ್ಯವಂತ ಹಲ್ಲು. 1, 2 ಎನಾಮೆಲ್ಲಿನ ಬಣ್ಣಗೇಡು. 3 ಮೇಲ್ಮೈಯ ಸಣ್ಣ ಮುರಿತ. 4 ಒಳಗಿನಿಂದ ಕಾಣುವ ಕಪ್ಪು ನೆರಳು. 5, 6 ತೆರೆದ ಗುಳಿ. ಹಲ್ಲನ್ನು ಶುಚಿಮಾಡಿ, ಗಾಳಿಯಿಂದ ಒಣಗಿಸಿ, ಕಣ್ಣಿನಿಂದ ನೋಡಬೇಕು. ಮೊನಚಾದ ಸಲಾಕೆಯನ್ನು ಬಲವಾಗಿ ಚುಚ್ಚಿ ನೋಡುವ ಹಳೆಯ ಪದ್ಧತಿಯಿಂದ ಎಳೆಯ ಕಲೆಯ ಮೇಲ್ಮೈಯೇ ಮುರಿಯಬಹುದು.

ಎರಡನೆಯದು, ತೂಕದ ಕಲ್ಲಿಗೆ ಮುದ್ರೆ. ಅಂಗಡಿಕಾರನು ಎಷ್ಟೇ ಪ್ರಾಮಾಣಿಕನಾದರೂ ಅವನ ತೂಕದ ಕಲ್ಲುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಅದರಿಂದ ಯಾರಿಗೂ ಅವಮಾನವಿಲ್ಲ. ಅಂತೆಯೇ ಅಧ್ಯಾಪಕರೆಲ್ಲ ವರ್ಷಕ್ಕೊಮ್ಮೆಯಾದರೂ ಕುಳಿತು, ಕಿತ್ತ ಹಲ್ಲುಗಳನ್ನೂ ಛಾಯಾಚಿತ್ರಗಳನ್ನೂ ಎಕ್ಸ್-ರೇಗಳನ್ನೂ ಮುಂದಿಟ್ಟುಕೊಂಡು, ಒಬ್ಬರ ಉತ್ತರವನ್ನು ಮತ್ತೊಬ್ಬರು ನೋಡದೆ ತೀರ್ಪು ಬರೆಯಬೇಕು. ಒಮ್ಮತವನ್ನು ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಸೂಚಿಸಿದ 'ಕಪ್ಪಾ' ಎಂಬ ಅಳತೆಯಿದೆ. ಆಕಸ್ಮಿಕವಾಗಿ ಹೊಂದುವ ಉತ್ತರಗಳನ್ನು ಅದು ಕಳೆದುಬಿಡುತ್ತದೆ. ಸಂಪೂರ್ಣ ಒಮ್ಮತಕ್ಕೆ 1, ಕೇವಲ ಆಕಸ್ಮಿಕಕ್ಕೆ 0. ಅಂಕಕ್ಕಿಂತ ಮುಖ್ಯವಾದುದು ಆಮೇಲಿನ ಚರ್ಚೆ: "ಇಲ್ಲಿ ನೀವು ಏನನ್ನು ಕಂಡಿರಿ? ನಾನೇಕೆ ಕಾಣಲಿಲ್ಲ?" ಈ ಸಭೆಯಲ್ಲಿ ಹಿರಿಯರು, ಕಿರಿಯರು, ಅರೆಕಾಲಿಕರು ಎಂಬ ಭೇದ ಕೂಡದು.

ಮೂರನೆಯದು, ಎಲ್ಲ ವಿಭಾಗಗಳಿಗೂ ಒಂದೇ ರೋಗಿಪತ್ರ. 2010ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಯುರೋಪಿನ ಅಧ್ಯಾಪಕರು ದಂತಕ್ಷಯದ ಬೋಧನೆಯನ್ನು ಐದು ಅಂಗಗಳಾಗಿ ಜೋಡಿಸಿದರು: ಮೂಲಜ್ಞಾನ, ಅಪಾಯದ ಅಂದಾಜು ಮತ್ತು ರೋಗನಿರ್ಣಯ, ಕೊರೆಯದೆ ಮಾಡುವ ಚಿಕಿತ್ಸೆ, ಕೊರೆದು ಮಾಡುವ ಚಿಕಿತ್ಸೆ, ಆಧಾರಗಳನ್ನು ತೂಗಿನೋಡುವ ಶಕ್ತಿ. ಈ ಕ್ರಮದಂತೆ ಆಹಾರ, ಜೊಲ್ಲು, ಫ್ಲೋರೈಡ್, ಹಿಂದಿನ ರೋಗ ಇವನ್ನೆಲ್ಲ ಬರೆದ ಮೇಲೆಯೇ ತೀರ್ಮಾನ ಬರೆಯಬೇಕು. ಒಮ್ಮತವೆಂದರೆ ಎಲ್ಲ ರೋಗಿಗಳಿಗೂ ಒಂದೇ ಚಿಕಿತ್ಸೆ ಎಂದು ಅರ್ಥವಲ್ಲ. ಯೋಚನೆಯ ದಾರಿ ಒಂದಾಗಿದ್ದರೆ ಸಾಕು. ರೋಗಿಯ ಸ್ಥಿತಿಗೂ ಇಚ್ಛೆಗೂ ತಕ್ಕಂತೆ ತೀರ್ಮಾನ ಬೇರೆಯಾಗಬಹುದು. ಗುರುವು ಭಿನ್ನ ನಿರ್ಧಾರ ಕೈಗೊಂಡರೆ ಅದರ ಕಾರಣವನ್ನು ಪತ್ರದಲ್ಲಿ ಬರೆಯಲಿ. ಶಿಷ್ಯನಿಗೆ ಅದೇ ಒಂದು ಪಾಠವಾದೀತು.

ನಾಲ್ಕನೆಯದು, ಅಂಕ. ರೋಗವನ್ನು ನಿಲ್ಲಿಸಿದ್ದಕ್ಕೆ, ಸೀಲಂಟ್ ಹಚ್ಚಿದ್ದಕ್ಕೆ, ಆರು ತಿಂಗಳ ಮೇಲೆ ಅದೇ ರೋಗಿಯನ್ನು ಮತ್ತೆ ಕರೆದು ನೋಡಿದ್ದಕ್ಕೆ, ತುಂಬಿಸಿದ್ದಕ್ಕೆ ಕೊಡುವಷ್ಟೇ ಅಂಕ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡ್ ಪೇಸ್ಟ್, ಗ್ಲಾಸ್ ಅಯಾನೊಮರ್, ಸಿಲ್ವರ್ ಡಯಮೈನ್ ಫ್ಲೋರೈಡ್ ಇವುಗಳನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಕೊನೆಯದು ಹಲ್ಲಿನ ಗುಳಿಯನ್ನು ಕಪ್ಪಾಗಿಸುತ್ತದೆ, ಆದರೆ ಕೊರೆಯದೆಯೇ ರೋಗವನ್ನು ತಡೆಯಬಲ್ಲದು. ಪಟ್ಟಿಯಲ್ಲಿರುವುದು ಪರೀಕ್ಷೆಯಲ್ಲಿ ಬಾರದಿದ್ದರೆ ವಿದ್ಯಾರ್ಥಿ ಅದನ್ನು ಕಲಿಯಲಾರನು.

ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅನಂತಪುರದ ಸುತ್ತಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಎಳವೆಯಲ್ಲಿ ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿಯೂ ಬಿಳಿಯ ಗೆರೆ, ಕಂದು ಕಲೆ ಮೂಡುತ್ತವೆ. ಅವು ಸಾಮಾನ್ಯವಾಗಿ ಎಡಬಲದ ಜೋಡಿಹಲ್ಲುಗಳಲ್ಲಿ ಒಂದೇ ರೀತಿ, ಅಡ್ಡಗೆರೆಗಳಾಗಿ ಇರುತ್ತವೆ. ದಂತಕ್ಷಯದ ಬಿಳಿಕಲೆಯು ಪಾಚಿ ನಿಲ್ಲುವ ಕಡೆ, ಒಸಡಿನ ಅಂಚಿನಲ್ಲಿ, ಹೊಳಪುಗೆಟ್ಟು ಒರಟಾಗಿರುತ್ತದೆ. ಎರಡೂ ಒಂದೇ ಬಾಯಿಯಲ್ಲಿರಲೂಬಹುದು. ಈ ಭೇದವನ್ನು ಗುರುಗಳೇ ಒಮ್ಮತದಿಂದ ಗುರುತಿಸದಿದ್ದರೆ, ನಮ್ಮ ಮಕ್ಕಳ ಗಟ್ಟಿ ಹಲ್ಲುಗಳ ಮೇಲೂ ಡ್ರಿಲ್ ಓಡೀತು. "ಮಗು ಯಾವ ಬಾವಿಯ ನೀರು ಕುಡಿಯುತ್ತದೆ?" ಎಂಬ ಪ್ರಶ್ನೆ ರೋಗಿಪತ್ರದಲ್ಲಿ ಇರಲೇಬೇಕು, ಅದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೇಳಲು ವಿದ್ಯಾರ್ಥಿಗೆ ಬರಬೇಕು.

ಪೋಷಕರೆ, ಈ ವಿಷಯದಲ್ಲಿ ನಿಮ್ಮ ಪಾಲೂ ಇದೆ. ಮಗುವಿನ ಹಲ್ಲು ತುಂಬಿಸಬೇಕೆಂದು ವೈದ್ಯರು ಹೇಳಿದಾಗ ವಿನಯದಿಂದ ಕೇಳಿರಿ: "ಗುಳಿ ಬಿದ್ದಿದೆಯೆ, ಬರಿಯ ಕಲೆಯೆ? ಕೊರೆಯದೆ ನಿಲ್ಲಿಸಲು ಸಾಧ್ಯವೆ? ಮತ್ತೆ ಯಾವಾಗ ತೋರಿಸಬೇಕು?" ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಆದರೆ ನೋವು, ಬಾವು, ರಾತ್ರಿ ನಿದ್ದೆಗೆಡಿಸುವ ಸೆಳೆತ ಇದ್ದರೆ ಕಾಯುತ್ತ ಕೂರಬೇಡಿರಿ. ಕೊರೆಯದೆ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿಸುವುದು, ಊಟಗಳ ನಡುವೆ ಸಿಹಿ ತಪ್ಪಿಸುವುದು, ಹೇಳಿದ ದಿನ ತಪ್ಪದೆ ಹೋಗುವುದು. ಚಿಕ್ಕ ಮಕ್ಕಳಿಗೆ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಅದನ್ನು ನುಂಗದಂತೆ ಉಗುಳಿಸಿರಿ.

ಈ ಶಾಲೆಯ ಗುರುಗಳಿಗೆ ನಾನು ಹೇಳಿದ್ದರಲ್ಲಿ ಹೊಸದೇನೂ ಇಲ್ಲ. ಒಂದನೆಯ ತರಗತಿಯ ಗುರುಗಳು ಕಲಿಸಿದ ಕಾಗುಣಿತವನ್ನು ಎರಡನೆಯ ತರಗತಿಯ ಗುರುಗಳು ತಪ್ಪೆಂದು ತಿದ್ದಿದ್ದರೆ ನಮ್ಮಲ್ಲಿ ಯಾರಿಗೂ ಬರವಣಿಗೆ ಬರುತ್ತಿರಲಿಲ್ಲ. ಗಡಿಯ ಈಚೆ ನೂರು ವರ್ಷ ಕನ್ನಡ ಉಳಿದಿರುವುದರ ಹಿಂದೆ, ತಲೆಮಾರಿನಿಂದ ತಲೆಮಾರಿಗೆ ಒಂದೇ ಅಕ್ಷರವನ್ನು ಒಂದೇ ರೀತಿ ಬರೆಯಿಸಿದ ಗುರುಗಳ ಶ್ರಮವಿದೆ. ಆ ಶಿಸ್ತು ನಮ್ಮ ವೃತ್ತಿಯ ಕಾಲೇಜುಗಳಿಗೂ ಬರಲಿ ಎಂಬುದು ನನ್ನ ಆಶಯ.