ಮೊದಲು ಮಳೆನೀರು, ಆಮೇಲೆ ಪಂಪು: ನಮ್ಮ ಬಯಲುಸೀಮೆಗೆ ಹೈಡ್ರೋಪೋನಿಕ್ಸ್

ಮಣ್ಣಿಲ್ಲದೆ ಸೊಪ್ಪು ಬೆಳೆಯೋ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಬಿಳಿ ಪೈಪು, ಹಸಿರು ಎಲೆ, ಕೆಳಗೆ ‘ನೀರು ಉಳಿಸಿ’ ಅಂತ ಒಂದು ಸಾಲು. ಆದರೆ ಯಾವ ನೀರು ಅಂತ ಯಾರೂ ಹೇಳಲ್ಲ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕಿನಲ್ಲಿ ಆ ಪ್ರಶ್ನೆ ಕೇಳದೆ ದುಡ್ಡು ಹಾಕಿದರೆ, ಗಿಡ ಕೆಲವು ವಾರ ಚೆನ್ನಾಗಿ ಬಂದು ಆಮೇಲೆ ಎಲೆಯಂಚು ಸುಟ್ಟುಕೊಳ್ಳುತ್ತೆ. ಇವತ್ತು ಅದನ್ನೇ ಮಾತಾಡೋಣ.

ನಾವು ನೋಡೋ ಪದ್ಧತಿ ಫ್ಲಡ್ ಅಂಡ್ ಡ್ರೈನ್. ಅಂದರೆ ತುಂಬಿಸೋದು, ಬಸಿಯೋದು. ಮೇಲೆ ಜಲ್ಲಿ ತುಂಬಿದ ತೊಟ್ಟಿ, ಅದರಲ್ಲಿ ಗಿಡ. ಕೆಳಗೆ ಗೊಬ್ಬರ ಕರಗಿಸಿದ ನೀರಿನ ಡ್ರಮ್ಮು. ಟೈಮರ್ ಪಂಪನ್ನು ಆನ್ ಮಾಡಿದಾಗ ತೊಟ್ಟಿ ತುಂಬುತ್ತೆ. ಹದಿನೈದು ನಿಮಿಷಕ್ಕೆ ಪಂಪು ನಿಂತರೆ ಬಂದ ಪೈಪಿನಲ್ಲೇ ನೀರು ವಾಪಸ್ ಇಳಿಯುತ್ತೆ. ನೀರು ಇಳಿಯುವಾಗ ಜಲ್ಲಿಯ ಸಂದಿಗೆ ಗಾಳಿ ನುಗ್ಗುತ್ತೆ. ಬೇರಿಗೆ ನೀರೂ ಸಿಕ್ಕಿತು, ಉಸಿರೂ ಸಿಕ್ಕಿತು. ಇದು ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲೇ ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದಲ್ಲಿ ಅಮೆರಿಕದ ಸೇನೆ ಜಲ್ಲಿ ಮಡಿಗಳಲ್ಲಿ ತರಕಾರಿ ಬೆಳೆದಿತ್ತು.

ಈಗ ಅಳತೆ. ಮೂರಡಿ ಉದ್ದ, ಎರಡಡಿ ಅಗಲ, ಎಂಟು ಇಂಚು ಆಳದ ತೊಟ್ಟಿ ಸಾಕು. ಜಲ್ಲಿಯೇ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯೋದರಿಂದ ಒಂದು ಸಲಕ್ಕೆ ಮೂವತ್ತರಿಂದ ಮೂವತ್ತೈದು ಲೀಟರ್ ನೀರು ಹಿಡಿಸುತ್ತೆ. ಡ್ರಮ್ಮು ಅದರ ಎರಡು-ಮೂರು ಪಟ್ಟು ಇರಲಿ, 100 ಲೀಟರ್ ಅಂತ ಇಟ್ಕೊಳ್ಳಿ. ತೊಟ್ಟಿಯಲ್ಲಿ ಇನ್ನೊಂದು ಓವರ್‌ಫ್ಲೋ ಪೈಪು ನಿಲ್ಲಿಸಿ, ಅದು ಪಂಪಿನ ಪೈಪಿಗಿಂತ ದಪ್ಪ ಇರಬೇಕು. ಇಲ್ಲದಿದ್ದರೆ ಒಂದು ದಿನ ನೀರೆಲ್ಲ ತಾರಸಿ ಮೇಲೆ ಹರಿಯುತ್ತೆ. ಆ ಪೈಪಿನ ಬಾಯಿ ಜಲ್ಲಿಯ ಮೇಲ್ಮಟ್ಟಕ್ಕಿಂತ ಒಂದು ಇಂಚು ಕೆಳಗಿರಲಿ. ಮೇಲಿನ ಪದರ ಒಣಗಿದ್ದರೆ ಪಾಚಿ ಕಟ್ಟಲ್ಲ. ಡ್ರಮ್ಮಿನೊಳಗೂ ಬಿಸಿಲು ಬೀಳಬಾರದು, ನೆರಳಲ್ಲಿಡಿ, ಮುಚ್ಚಿಡಿ.

ಜಲ್ಲಿಗೆ ದುಬಾರಿ ಮಣ್ಣಿನ ಉಂಡೆಗಳೇ ಬೇಕಿಲ್ಲ. ಏಕಶಿಲಾ ಬೆಟ್ಟದ ಸೀಮೆಯವರು ನಾವು, ಗ್ರಾನೈಟ್‌ಗೆ ಬರ ಇಲ್ಲ. ಸಣ್ಣ ಜಲ್ಲಿ ತಂದು, ಪುಡಿ ಹೋಗೋವರೆಗೂ ತೊಳೆಯಿರಿ. ನಾಲ್ಕು ಕಲ್ಲಿನ ಮೇಲೆ ವಿನೆಗರ್ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ, ಬೇಡ. ಒಂದು ಎಚ್ಚರಿಕೆ: ಜಲ್ಲಿ, ನೀರು ಸೇರಿ ಈ ತೊಟ್ಟಿ 180 ಕೆ.ಜಿ. ದಾಟುತ್ತೆ. ಹಳೇ ಕಲ್ಲುಚಪ್ಪಡಿ ಮಾಳಿಗೆ ಮೇಲೆ ಇಡಬೇಡಿ, ಅಂಗಳವೇ ವಾಸಿ.

ಈಗ ನೀರಿನ ಮಾತು. ಸೊಪ್ಪಿನ ಗಿಡಕ್ಕೆ ಗೊಬ್ಬರ ಬೆರೆತ ಮೇಲೆ ನೀರಿನ ಇ.ಸಿ. 1.2ರಿಂದ 1.8 ಇದ್ದರೆ ಸಾಕು. ಸಾಮಾನ್ಯ ಟಿ.ಡಿ.ಎಸ್. ಮೀಟರಿನಲ್ಲಿ ಅದು ಹೆಚ್ಚುಕಡಿಮೆ 600ರಿಂದ 900. ಗೊಬ್ಬರ ಹಾಕೋ ಮೊದಲೇ ನಿಮ್ಮ ಬೋರ್ ನೀರು 900 ತೋರಿಸಿದರೆ? ತಟ್ಟೆ ಮೊದಲೇ ತುಂಬಿದೆ, ಊಟ ಬಡಿಸೋದೆಲ್ಲಿ?

ಇನ್ನೊಂದು ಲೆಕ್ಕ ನೋಡಿ. ಬೇಸಿಗೆಯಲ್ಲಿ ಆ ತೊಟ್ಟಿಯ ಗಿಡಗಳು ದಿನಕ್ಕೆ ನಾಲ್ಕು ಲೀಟರ್ ಕುಡಿಯುತ್ತವೆ ಅಂದುಕೊಳ್ಳಿ. ಖಾಲಿಯಾದಷ್ಟೂ ನೀವು ಬೋರ್ ನೀರು ಸೇರಿಸ್ತೀರಿ. 25 ದಿನಕ್ಕೆ 100 ಲೀಟರ್ ಆಯ್ತು. ಗಿಡ ನೀರನ್ನು ಎಳೆದುಕೊಳ್ಳುತ್ತೆ, ಸೋಡಿಯಂ, ಕ್ಲೋರೈಡ್‌ನಂಥ ಬೇಡದ ಉಪ್ಪನ್ನು ಬಹುಪಾಲು ಬಿಟ್ಟುಬಿಡುತ್ತೆ. ಅಂದರೆ 25 ದಿನಕ್ಕೆ ಡ್ರಮ್ಮಿನಲ್ಲಿ ಆ ಉಪ್ಪು ಸುಮಾರು ಎರಡು ಪಟ್ಟು! ನೀರು ಉಳಿಸೋ ಪದ್ಧತಿಯೇ ಉಪ್ಪನ್ನೂ ಕೂಡಿಹಾಕುತ್ತೆ.

ಪಾವಗಡದವರಿಗೆ ಫ್ಲೋರೈಡ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಟಿ.ಡಿ.ಎಸ್. ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸಲ್ಲ, ಹೈಡ್ರೋಪೋನಿಕ್ಸ್ ಅದನ್ನು ತೆಗೆಯೋದೂ ಇಲ್ಲ. ಶುದ್ಧ ನೀರಿನ ಘಟಕದಿಂದ ಹೊರಗೆ ಬಿಡೋ ನೀರಲ್ಲಂತೂ ಉಪ್ಪು ಇನ್ನೂ ಜಾಸ್ತಿ, ಅದನ್ನು ಮುಟ್ಟಬೇಡಿ. ಹಾಗಂತ ಕುಡಿಯೋ ನೀರಿನ ಕ್ಯಾನನ್ನು ತಂದು ಸೊಪ್ಪಿಗೆ ಸುರಿಯೋದೂ ನ್ಯಾಯ ಅಲ್ಲ.

ಉಳಿದಿರೋದು ಮಳೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿ.ಮೀ. ಮಳೆ ಬಂದರೂ ಹತ್ತು ಚದರ ಮೀಟರ್ ಶೀಟಿನಿಂದ 5,000 ಲೀಟರ್. ಸೋರಿದ್ದು, ಮೊದಲ ಮಳೆ ಹೊರಗೆ ಬಿಟ್ಟಿದ್ದು ಕಳೆದರೆ 4,000. ನಮ್ಮ ಒಂದು ತೊಟ್ಟಿಗೆ ಕುಡಿಯಲು ವರ್ಷಕ್ಕೆ ಸುಮಾರು 1,500 ಲೀಟರ್, ಹದಿನೈದು ದಿನಕ್ಕೊಮ್ಮೆ ಡ್ರಮ್ಮು ಬದಲಿಸಲು 2,500. ಲೆಕ್ಕ ಸರಿಹೋಯ್ತು. ಅಷ್ಟು ಶೇಖರಿಸೋ ಟ್ಯಾಂಕು ಇಲ್ಲದಿದ್ದರೆ ಅರ್ಧ ಬೋರ್, ಅರ್ಧ ಮಳೆನೀರು ಬೆರೆಸಿ. ಉಪ್ಪೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ. ಆದ್ದರಿಂದ ಕೈಯಲ್ಲಿ ಹತ್ತು ಸಾವಿರ ಇದ್ದರೆ, ಮೊದಲು ದೋಣಿ ಪೈಪು, ಟ್ಯಾಂಕು. ಪಂಪು, ಟೈಮರ್ ಆಮೇಲೆ.

ದಿನನಿತ್ಯದ ಕೆಲಸ ಹೀಗೆ. ಹಗಲಲ್ಲಿ ನಾಲ್ಕರಿಂದ ಆರು ಸಲ ನೀರು ತುಂಬಿಸಿ, ಏಪ್ರಿಲ್ ಬಿಸಿಲಿಗೆ ಇನ್ನೆರಡು ಸಲ ಹೆಚ್ಚು. ಪಿ.ಎಚ್. 5.5ರಿಂದ 6.5ರ ಒಳಗಿರಲಿ. ಬೋರ್ ನೀರಿನ ಬೈಕಾರ್ಬೊನೇಟ್ ಅದನ್ನು ಮತ್ತೆಮತ್ತೆ ಮೇಲಕ್ಕೆ ತಳ್ಳುತ್ತೆ. ಇಳಿಸಲು ಫಾಸ್ಫಾರಿಕ್ ಆಸಿಡ್ ಬಳಸೋದಾದರೆ ಕೈಗವಸು, ಕನ್ನಡಕ ಹಾಕಿ, ನೀರಿಗೆ ಆಸಿಡ್ ಹನಿಸಿ. ಆಸಿಡ್‌ಗೆ ನೀರು ಸುರಿಯಬೇಡಿ. ಗೊಬ್ಬರದಂಗಡಿಯ 19:19:19 ಒಂದರಿಂದಲೇ ಆಗಲ್ಲ, ಅದರಲ್ಲಿ ಕ್ಯಾಲ್ಸಿಯಂ ಇರಲ್ಲ. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣ ಒಂದು ಕ್ಯಾನಿನಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಗಟ್ಟಿಯಾಗಿದ್ದಾಗ ಎರಡನ್ನೂ ಬೆರೆಸಿದರೆ ಸುಣ್ಣದ ಹಾಗೆ ತಳ ಕಟ್ಟುತ್ತೆ. ಪಂಪಿನ ಜಾಲರಿ ವಾರಕ್ಕೊಮ್ಮೆ ತೊಳೆಯಿರಿ. ಹಳೇ ನೀರನ್ನು ಕೆರೆಗೆ, ಬಾವಿಗೆ ಬಿಡದೆ ತೆಂಗಿನ ಬುಡಗಳಿಗೆ ಹಂಚಿ.

ಕರೆಂಟು ಹೋದರೆ? ಜಲ್ಲಿ ನೀರು ಹಿಡಿದಿಟ್ಟುಕೊಳ್ಳಲ್ಲ, ಬೇಸಿಗೆ ಮಧ್ಯಾಹ್ನ ಕೆಲವೇ ಗಂಟೆಯಲ್ಲಿ ಗಿಡ ಬಾಡುತ್ತೆ. ಬಿಂದಿಗೆಯಲ್ಲಿ ಮೊಗೆದು ತೊಟ್ಟಿಗೆ ಸುರಿದರೂ ನಡೆಯುತ್ತೆ. ಇಲ್ಲವೇ 12 ವೋಲ್ಟಿನ ಪಂಪು, ಪುಟ್ಟ ಸೋಲಾರ್ ಪ್ಯಾನೆಲ್, ಬ್ಯಾಟರಿ. 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರೋ ಪಾವಗಡದಲ್ಲಿ ಇಪ್ಪತ್ತು ವಾಟಿನ ಪಂಪಿಗೆ ಬಿಸಿಲು ಸಾಲದೇ?

ಕೊನೇ ಮಾತು. ಸಾಲ ಮಾಡಿ ದೊಡ್ಡ ಯೂನಿಟ್ ಹಾಕಿಸಿಕೊಳ್ಳಿ, ಬೆಳೆದದ್ದನ್ನು ನಾವೇ ಕೊಂಡ್ಕೋತೀವಿ ಅನ್ನೋರು ಸಿಕ್ಕರೆ, ಮೊದಲು ನಿಮ್ಮ ನೀರಿನ ಲ್ಯಾಬ್ ವರದಿ ಅವರ ಮುಂದಿಡಿ. ತುಮಕೂರು ಜಿಲ್ಲೆಯಲ್ಲಿ ಹಿರೇಹಳ್ಳಿ, ಕೊನೇಹಳ್ಳಿ ಎರಡು ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ, ನೀರು ಪರೀಕ್ಷೆ ಬಗ್ಗೆ ಅಲ್ಲಿ ವಿಚಾರಿಸಿ. ಮಣ್ಣಲ್ಲೇ ಬರೋ ಕೊತ್ತಂಬರಿ ಕಟ್ಟಿನ ಜೊತೆ ಸಂತೆಯಲ್ಲಿ ಪೈಪೋಟಿ ಮಾಡೋದು ಕಷ್ಟ, ಅದೂ ನೆನಪಿರಲಿ. ಒಂದು ತೊಟ್ಟಿ, ಒಂದು ಬೇಸಿಗೆ, ಪಾಲಕ್ಕೋ ಪುದಿನವೋ ಬೆಳೆದು ನೋಡಿ. ಮೇ ತಿಂಗಳು ದಾಟಿಸಿದಿರಾ, ಎರಡನೇ ತೊಟ್ಟಿ ಯೋಚನೆ ಮಾಡಿ.

ನಿಮ್ಮೂರ ಬೋರ್ ನೀರಿನ ಟಿ.ಡಿ.ಎಸ್. ಎಷ್ಟು ಬಂತು ಅಂತ ವಾಯ್ಸ್ ನೋಟ್ ಕಳಿಸಿ.